ಡಾಕಿಂಗ್ ಸ್ಟೇಷನ್ ಆಮೇಲೆ, ಮೊದಲು ಲ್ಯಾಪ್‌ಟಾಪಿನ ತೂತು ನೋಡಿ

ಡಾಕ್ ಅಂದ್ರೆ ಲ್ಯಾಪ್‌ಟಾಪಿಗೆ ಒಂದೇ ಕೇಬಲಲ್ಲಿ ಮಾನಿಟರ್, ಕೀಬೋರ್ಡ್, ಚಾರ್ಜ್ ಎಲ್ಲ ಜೋಡಿಸೋ ಡಬ್ಬಿ. ಯಾರಾದ್ರೂ "ಯಾವ ಡಾಕ್ ತಗೊಳ್ಲಿ" ಅಂತ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ನಿಮ್ಮ ಲ್ಯಾಪ್‌ಟಾಪಲ್ಲಿರೋ ಟೈಪ್-ಸಿ ತೂತು ಏನೇನು ಮಾಡುತ್ತೆ? ಸುಮಾರು ಜನಕ್ಕೆ ಗೊತ್ತಿರಲ್ಲ, ಪಾಪ ಅವರಾದ್ರೂ ಏನ್ಮಾಡ್ತಾರೆ, ನೋಡೋಕೆ ಎಲ್ಲಾ ಒಂದೇ ಥರ ಇರುತ್ತೆ. ಆದ್ರೆ ಒಂದ್ರಲ್ಲಿ ಬರೀ ಡೇಟಾ ಹೋಗುತ್ತೆ, ಇನ್ನೊಂದ್ರಲ್ಲಿ ಚಾರ್ಜೂ ಆಗುತ್ತೆ, ಮತ್ತೊಂದ್ರಲ್ಲಿ ಡಿಸ್‌ಪ್ಲೇನೂ ಬರುತ್ತೆ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದ್ರೆ ಟೈಪ್-ಸಿಲಿ ಮಾನಿಟರಿಗೆ ಚಿತ್ರ ಕಳಿಸೋ ಸೌಲಭ್ಯ, ಇಲ್ದಿರೋ ಪೋರ್ಟಿಗೆ ಮಾಮೂಲಿ ಡಾಕ್ ಎಷ್ಟು ದುಬಾರಿದು ಹಾಕಿದ್ರೂ ಮೌಸು ಕೀಬೋರ್ಡು ಓಡುತ್ತೆ, ಮಾನಿಟರ್ ಮಾತ್ರ ನೋ ಸಿಗ್ನಲ್ ಅಂತ ಕೂತಿರುತ್ತೆ. ಮಾಡೆಲ್ ನಂಬರ್ ಹಾಕಿ ಕಂಪನಿ ಸೈಟಲ್ಲಿ ಸ್ಪೆಕ್ ಶೀಟ್ ನೋಡ್ಬಿಡಿ, ಐದು ನಿಮಿಷದ ಕೆಲಸ.

ಮ್ಯಾಕ್‌ಬುಕ್ ಇರೋರಿಗೆ ಇನ್ನೊಂದು ತಲೆನೋವು. ಕಮ್ಮಿ ರೇಟಿನ ಡಾಕಲ್ಲಿ ಎರಡು ಎಚ್‌ಡಿಎಂಐ ಇದ್ರೆ ಅದು ಹೆಚ್ಚಾಗಿ ಎಂಎಸ್‌ಟಿ, ಅಂದ್ರೆ ಲ್ಯಾಪ್‌ಟಾಪಿಂದ ಒಂದೇ ಕೇಬಲಲ್ಲಿ ಬಂದಿದ್ದನ್ನ ಡಾಕ್ ಎರಡು ಮಾನಿಟರಿಗೆ ಹಂಚೋದು, ವಿಂಡೋಸಲ್ಲಿ ಆರಾಮಾಗಿ ನಡೆಯುತ್ತೆ, ಮ್ಯಾಕಲ್ಲಿ ಎರಡರಲ್ಲೂ ಒಂದೇ ಚಿತ್ರ ಬಂದು ಕೂತ್ಕೊಳುತ್ತೆ. ಮೇಲಾಗಿ ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಮಾನಿಟರ್ ಒಂದೇ, ಎಂ3 ಏರ್ ಮುಚ್ಚಿಟ್ರೆ ಎರಡು, ಎಂ4ನಲ್ಲಿ ಮುಚ್ಚೋ ಗೋಜೂ ಇಲ್ಲ. ಇದನ್ನ ದಾಟೋಕೆ ಡಿಸ್‌ಪ್ಲೇಲಿಂಕ್ ಡಾಕ್ ಇದೆ, ಡ್ರೈವರ್ ಹಾಕ್ಕೊಂಡು ಚಿತ್ರಾನ ಕಂಪ್ರೆಸ್ ಮಾಡಿ ಯುಎಸ್‌ಬಿಲಿ ಕಳಿಸುತ್ತೆ. ಕೋಡಿಗೆ, ಎಕ್ಸೆಲ್‌ಗೆ ಸಾಕು, ಗೇಮಿಗೆ ಬೇಡ. ಮ್ಯಾಕಲ್ಲಿ ಅದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಪರ್ಮಿಶನ್ ಬೇರೆ ಕೊಡ್ಬೇಕು, ಆಫೀಸ್ ಲ್ಯಾಪ್‌ಟಾಪಾದ್ರೆ ಐಟಿಯವ್ರು ಬಿಡ್ತಾರಾ ಅಂತ ಮೊದಲೇ ಕೇಳ್ಕೊಳ್ಳಿ.

ಇನ್ನು 4ಕೆ ಮಾನಿಟರ್ ಇದ್ರೆ 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತೆ, ಅಂತ ಬರೆದಿದ್ಯಾ ನೋಡಿ. ಅಗ್ಗದ ಹಬ್ಬುಗಳಲ್ಲಿ (ಡಾಕಿನ ಚಿಕ್ಕ ತಮ್ಮ ಅನ್ನಿ) ಬರೀ "4ಕೆ ಸಪೋರ್ಟ್" ಅಂತ ದೊಡ್ಡದಾಗಿ ಹಾಕಿ ಮೂಲೆಲಿ ಸಣ್ಣಗೆ 30 ಹರ್ಟ್ಸ್ ಅಂತ ಇರುತ್ತೆ, ಅದ್ರಲ್ಲಿ ಮೌಸ್ ಓಡಾಡೋದು ನೋಡಿದ್ರೇನೇ ಮೈ ಉರಿಯುತ್ತೆ. ಪವರ್ ಲೆಕ್ಕಾನೂ ಹಾಗೇ, ನಾವೇ ಚಾರ್ಜರ್ ಚುಚ್ಚೋ ಹಬ್ಬಲ್ಲಿ 100 ವ್ಯಾಟ್ ಅಂತಿದ್ರೆ ಅದು ತನ್ನ ಪಾಲು ಇಟ್ಕೊಂಡು ಎಷ್ಟೋ ಸಲ 85ರ ಹತ್ತಿರ ಕೊಡುತ್ತೆ. 65 ವ್ಯಾಟಿನ ಆಫೀಸ್ ಲ್ಯಾಪ್‌ಟಾಪಿಗೆ ಧಾರಾಳ, 200 ವ್ಯಾಟಿನ ಇಟ್ಟಿಗೆ ಚಾರ್ಜರ್ ಜೊತೆ ಬಂದಿರೋ ಗೇಮಿಂಗ್ ಲ್ಯಾಪ್‌ಟಾಪಿಗೆ ಆ ಇಟ್ಟಿಗೇನೇ ಗತಿ.

ನನ್ನ ಕೇಳಿದ್ರೆ, ಇರೋದು ಒಂದೇ ಮಾನಿಟರ್ ಅಂದ್ರೆ ಡಾಕೇ ಬೇಡ. ಟೈಪ್-ಸಿಲಿ ಚಾರ್ಜ್ ಕೊಡೋ, ಹಿಂದೆ ಯುಎಸ್‌ಬಿ ಪೋರ್ಟ್ ಇರೋ ಮಾನಿಟರ್ ತಗೊಳ್ಳಿ, ಒಂದೇ ಕೇಬಲಲ್ಲಿ ಎಲ್ಲ ಮುಗೀತು. ಎರಡು ಮಾನಿಟರ್, ಲ್ಯಾನ್ ಕೇಬಲ್ಲು, ಹಾರ್ಡ್ ಡಿಸ್ಕು ಎಲ್ಲ ಇದ್ರೆ ಡಾಕ್ ಸರಿ. ಥಂಡರ್‌ಬೋಲ್ಟ್ 4 (ಟೈಪ್-ಸಿ ಆಕಾರದ್ದೇ, ಆದ್ರೆ ಜಾಸ್ತಿ ವೇಗದ ಪೋರ್ಟ್) ಡಾಕ್ ಚೆನ್ನಾಗಿದೆ, 40 ಜಿಬಿಪಿಎಸ್ಸು, ಆದ್ರೆ ಎರಡು 4ಕೆ ಪರದೆಯೋ ಫಾಸ್ಟ್ ಎಸ್‌ಎಸ್‌ಡಿಯೋ ಇಲ್ಲ ಅಂದ್ಮೇಲೆ ಅಷ್ಟು ದುಡ್ಡು ಸುರಿಯೋದು ಯಾಕೆ.

ಆಮೇಲೆ ವೈರ್‌ಲೆಸ್ ಮೌಸಿನ ಪುಟಾಣಿ ಡಾಂಗಲ್‌ನ (ಯುಎಸ್‌ಬಿಗೆ ಚುಚ್ಚೋ ರಿಸೀವರ್) ಡಾಕಿನ ಹಿಂದೆ ಯುಎಸ್‌ಬಿ 3 ಪೋರ್ಟುಗಳ ಮಧ್ಯೆ ತುರುಕಬೇಡಿ, ಯುಎಸ್‌ಬಿ 3ರ ಗದ್ದಲ ಮೌಸ್ ಬಳಸೋ 2.4 ಗಿಗಾಹರ್ಟ್ಸ್ ರೇಡಿಯೋಗೂ ಬಂದು ಮೌಸ್ ತಡವರಿಸುತ್ತೆ, ಯುಎಸ್‌ಬಿ 2 ಪೋರ್ಟಿಗೋ ಒಂದು ಎಕ್ಸ್‌ಟೆನ್ಷನ್ ಕೇಬಲಿಗೋ ಹಾಕಿ. ಮತ್ತೆ ಡಾಕಿನ ಅಡಾಪ್ಟರ್ ಯುಪಿಎಸ್ ಲೈನಲ್ಲೇ ಇರ್ಲಿ, ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಬ್ಯಾಟರಿಲಿ ಓಡುತ್ತೆ ನಿಜ, ಆದ್ರೆ ಡಾಕಿಗೆ ಹಾಕಿರೋ ಹಾರ್ಡ್ ಡಿಸ್ಕಿಗೆ ಫೈಲ್ ಕಾಪಿ ಆಗ್ತಿದ್ರೆ ಅದು ಅಲ್ಲಿಗೇ ಕಟ್.