ಠೀಕ್ ಹೈ, ಸಾಬ್

“ಕೈ ಹೇಗಿದೆ?”

“ಠೀಕ್ ಹೈ, ಸಾಬ್.”

2019ರಲ್ಲಿ, ನಿವೃತ್ತಿಗೆ ಮುಂಚಿನ ಮೆಡಿಕಲ್ ಬೋರ್ಡಿನ ಎದುರು ನಮ್ಮ ಓಣಿಯ ಹವಾಲ್ದಾರರು ಆಡಿದ ಮಾತು ಇಷ್ಟೇ. ಈ ವಾರ ವೈಕಲ್ಯದ ಪಿಂಚಣಿಗಾಗಿ ಅವರ ಮೇಲ್ಮನವಿ ಬರೆಯಲು ಕುಳಿತಾಗಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಅಡುಗೆ ಮಾಡುವಾಗಲೂ ಅದೇ, ರಾತ್ರಿ ಎಚ್ಚರವಾದಾಗಲೂ ಅದೇ.

ಪುಣೆಯ ಈ ದಿಘಿಯಲ್ಲಿ ನಿವೃತ್ತ ಫೌಜಿಗಳಿಗೆ ಬರವಿಲ್ಲ. ಇವರು ಬೈಲಹೊಂಗಲ ಕಡೆಯವರು. ಈಗ ಹಿಂಜವಡಿಯ ಕಂಪನಿಯೊಂದರ ಗೇಟಿನಲ್ಲಿ ರಾತ್ರಿ ಪಾಳಿಯ ಕೆಲಸ. ಕಾಶ್ಮೀರದ ಹಿಮದಲ್ಲಿದ್ದ ಪೋಸ್ಟಿನಲ್ಲಿ ಬುಖಾರಿಯ, ಅಂದರೆ ಕೋಣೆ ಬೆಚ್ಚಗಿಡುವ ಒಲೆಯ, ಸೀಮೆಎಣ್ಣೆಗೆ ಬೆಂಕಿ ಹೊತ್ತಿಕೊಂಡಾಗ ಆರಿಸಲು ಹೋಗಿ ಬಲಗೈ, ಮುಂದೋಳು, ಕುತ್ತಿಗೆಯ ಒಂದು ಬದಿ ಸುಟ್ಟುಕೊಂಡರು. ಸೇವೆಯಿಂದಲೇ ಆದ ಗಾಯ ಎಂದು ಸೇನೆ ಒಪ್ಪಿದೆ. ತಕರಾರು ಇರುವುದು ಅಂಕಿಯಲ್ಲಿ. ಬೋರ್ಡ್ ವೈಕಲ್ಯವನ್ನು ಶೇ 15 ಎಂದು ಬರೆಯಿತು.

ಅವಧಿ ಮುಗಿಸಿ ಹೊರಬಂದ ಸೈನಿಕನಿಗೆ ಶೇ 20ಕ್ಕಿಂತ ಕಡಿಮೆಯಾದರೆ ಪಿಂಚಣಿಯಲ್ಲಿ ವೈಕಲ್ಯದ ಪಾಲು ಸಿಗುವುದಿಲ್ಲ. 20 ಮುಟ್ಟಿದರೆ ಲೆಕ್ಕವೇ ಬೇರೆ. 50ಕ್ಕಿಂತ ಕೆಳಗಿರುವುದನ್ನು 50 ಎಂದೇ ಪರಿಗಣಿಸಬೇಕೆನ್ನುವ 2001ರ ಸರ್ಕಾರಿ ಆದೇಶವಿದೆ. ಅದು ಅನಾರೋಗ್ಯದ ಕಾರಣಕ್ಕೆ ಮಧ್ಯದಲ್ಲೇ ಸೇವೆ ಬಿಡಬೇಕಾದವರಿಗಷ್ಟೇ ಅಲ್ಲ, ಅವಧಿ ಮುಗಿಸಿದವರಿಗೂ ಸಲ್ಲಬೇಕೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೂರ್ಣ ವೈಕಲ್ಯಕ್ಕೆ ಕೊನೆಯ ಸಂಬಳದ ಶೇ 30 ಎಂದಾದರೆ 50ಕ್ಕೆ ಶೇ 15, ತಿಂಗಳು ತಿಂಗಳು. ಅಂದರೆ ಹವಾಲ್ದಾರರಿಗೆ ತಪ್ಪಿದ್ದು ಐದು ಅಂಕವಲ್ಲ. ಸೊನ್ನೆಗೂ ಐವತ್ತಕ್ಕೂ ನಡುವೆ ಇರುವ ಅಷ್ಟೂ ತಪ್ಪಿತು.

ಬೋರ್ಡಿನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಗಾಯ ಮಾಗಿದೆ, ನೋವಿನ ದೂರಿಲ್ಲ, ಮುಷ್ಟಿ ಕಟ್ಟಬಲ್ಲರು ಎಂದಿದೆ. ಯಾವ ಬೆರಳು ಎಷ್ಟು ಡಿಗ್ರಿ ಮಡಚುತ್ತದೆ, ಮಣಿಕಟ್ಟು ಎಲ್ಲಿಯವರೆಗೆ ತಿರುಗುತ್ತದೆ ಎಂಬ ಅಳತೆ ಒಂದೂ ಇಲ್ಲ. ಆ ಡಾಕ್ಟರು ಕೆಟ್ಟವರೆಂದು ನಾನು ಹೇಳಲಾರೆ. ಹೊರಗೆ ಸಾಲು ಕಾದಿರುತ್ತದೆ, ಎದುರು ನಿಂತವನು ಎದೆ ಸೆಟೆಸಿ ಸರಿಯಿದೆ ಎನ್ನುತ್ತಾನೆ. ಆದರೆ ಕೀಲಿನ ಚಲನೆ ಅಳೆಯುವ ಉಪಕರಣ ಶಾಲೆಯ ಕೋನಮಾಪಕಕ್ಕಿಂತ ದೊಡ್ಡದೇನಲ್ಲ. ಅದನ್ನು ಕೈಗೆತ್ತಿಕೊಳ್ಳದೆ ಅಂಕಿ ಬರೆದದ್ದನ್ನು ನಾನು ಒಪ್ಪುವುದಿಲ್ಲ.

ಭಾನುವಾರ ನಾನೇ ಕೇಳಿದೆ, “ಕೈ ನಿಜಕ್ಕೂ ಹೇಗಿದೆ?”

“ಅಂಥದ್ದೇನಿಲ್ಲ ಅಕ್ಕ, ಠೀಕ್ ಇದೆ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಠೀಕ್ ಇದ್ದರೆ ಇವರ ಅಂಗಿಯ ಗುಂಡಿ ದಿನಾ ಯಾರು ಹಾಕುತ್ತಾರೆ, ಕೇಳಿ ಅಕ್ಕ.”

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬೇಸಿಗೆ ಶುರುವಾದರೆ ಸುಟ್ಟ ಜಾಗ ಬೆವರುವುದಿಲ್ಲ, ಒಳಗೊಳಗೇ ಕುದಿಯುತ್ತದೆ. ಆಳವಾಗಿ ಸುಟ್ಟ ಚರ್ಮದಲ್ಲಿ ಬೆವರುಗ್ರಂಥಿಗಳು ಉಳಿಯುವುದಿಲ್ಲ, ಇದನ್ನು ಯಾವ ವೈದ್ಯರೂ ಒಪ್ಪುತ್ತಾರೆ. ಚಳಿಗಾಲದಲ್ಲಿ ಬೆರಳಿನ ಸಂದು ಬಿರಿದು ರಕ್ತ ಬರುತ್ತದೆ. ಬೈಕಿನ ಬ್ರೇಕ್ ಹಿಡಿಯಲು ಆಗುವುದಿಲ್ಲವೆಂದು ಹಿಂಜವಡಿಗೆ ಬಸ್ಸು ಬದಲಿಸಿ ಬದಲಿಸಿ ಹೋಗುತ್ತಾರೆ. ಪಾಳಿ ಮುಗಿಸಿ ಬಂದು ಮಲಗಿದರೆ ತುರಿಕೆಗೆ ನಿದ್ದೆಯಿಲ್ಲ. ಇಷ್ಟನ್ನೂ ಆಕೆ ಎಲ್ಲಿಯೂ ತಡವರಿಸದೆ ಹೇಳಿದರು. ಬೋರ್ಡಿನ ಎದುರು ಕೂರಿಸಬೇಕಾಗಿದ್ದದ್ದು ಈಕೆಯನ್ನು.

ಹವಾಲ್ದಾರರು ಗೋಡೆ ನೋಡುತ್ತಿದ್ದರು. “ನನ್ನ ಜೊತೆಯವರಲ್ಲಿ ಕಾಲು ಹೋದವರಿದ್ದಾರೆ ಅಕ್ಕ. ನಾನು ಇದನ್ನು ಹೇಳಿಕೊಳ್ಳಬೇಕೆ?”

ಪುಣೆಯಲ್ಲಿ ಬದುಕುವ ಸೈನಿಕನಿಗೆ ಈ ಹೋಲಿಕೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಕೈಕಾಲು ಕಳೆದುಕೊಂಡವರಿಗೆ ಕೃತಕ ಅವಯವ ಜೋಡಿಸುವ ಸೇನೆಯ ಕೇಂದ್ರ 1944ರಿಂದ ಇದೇ ಊರಿನಲ್ಲಿದೆ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರ ಪುನರ್ವಸತಿ ಕೇಂದ್ರ ಖಡ್ಕಿಯಲ್ಲಿದೆ. ಅವರನ್ನು ಕಂಡವನಿಗೆ ತನ್ನ ಕೈಯ ಮಾತೆತ್ತಲು ನಾಚಿಕೆ. ಆ ನಾಚಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಮೇಲೆ ಸರ್ಕಾರ ಹಣ ಉಳಿಸುವುದು ನ್ಯಾಯವಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಮನುಷ್ಯನಿಗೆ ನೋವು ನುಂಗುವುದನ್ನೇ ಕಲಿಸಿ, ಅಧಿಕಾರಿ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎನ್ನುವುದನ್ನೇ ಶಿಸ್ತು ಮಾಡಿ, ಕೊನೆಯ ದಿನಗಳಲ್ಲಿ ಅದೇ ಸಮವಸ್ತ್ರದಲ್ಲಿ, ಅದೇ ಅಧಿಕಾರಿಗಳ ಎದುರು ನಿಲ್ಲಿಸಿ ‘ದೂರಿದ್ದರೆ ಹೇಳು’ ಎಂದರೆ ಅವನು ಏನು ಹೇಳಿಯಾನು? ಗಾಯದ ಕಾರಣದ ಪ್ರಶ್ನೆ ಬಂದಾಗ ಸಾಬೀತು ಮಾಡುವ ಹೊರೆ ಸೈನಿಕನದಲ್ಲ, ಅನುಮಾನದ ಲಾಭ ಅವನಿಗೇ ಸಿಗಬೇಕು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗಾಯ ಎಷ್ಟು ಎಂಬ ಪ್ರಶ್ನೆ ಬಂದಾಗಲೂ ಅದೇ ಮನಸ್ಸು ಬೇಡವೆ?

ಇನ್ನು ಸಲಹೆಗಾರರು. ಓಣಿಯ ಹಿರಿಯರೊಬ್ಬರು, ತಾವೂ ಫೌಜಿನಲ್ಲಿ ಇದ್ದವರೇ, ಬಾಕಿ ಹಣದಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಕೆಲಸ ಮಾಡಿಸುತ್ತೇನೆ ಎಂದು ಫೈಲನ್ನು ಬಹಳ ಕಾಲ ಇಟ್ಟುಕೊಂಡಿದ್ದರು. ಪಾಲು ಕೊಡಲು ಇವರು ಒಪ್ಪದಿದ್ದಾಗ “ಆರು ತಿಂಗಳ ಗಡುವು ಮುಗಿಯಿತು, ಮರೆತುಬಿಡು” ಎಂದು ಹಿಂದಿರುಗಿಸಿದರು. ಅವರ ಬಗ್ಗೆ ನನ್ನಲ್ಲಿ ಒಂದಿಷ್ಟೂ ಕನಿಕರವಿಲ್ಲ. ಪಿಂಚಣಿ ಪ್ರತಿ ತಿಂಗಳೂ ಹೊಸದಾಗಿ ಹುಟ್ಟುವ ಹಕ್ಕು. ತಡವಾಯಿತೆಂಬ ಒಂದೇ ಕಾರಣಕ್ಕೆ ಅದು ಸಾಯುವುದಿಲ್ಲ, ಹಿಂದಿನ ಬಾಕಿಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತಗೊಳಿಸಬಹುದು ಎಂದು 2008ರಲ್ಲೇ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಇಷ್ಟು ತಿಳಿಸಲು ಪಾಲು ಯಾಕೆ ಬೇಕು?

ಮೊದಲ ಮೇಲ್ಮನವಿಯಲ್ಲಿ ವಿಳಂಬವನ್ನು ಮನ್ನಿಸಿ ಎಂದು ಕೇಳಿದ್ದೇವೆ. ಪ್ರತಿ ಕೀಲನ್ನೂ ಅಳೆದು ಬರೆಯುವ ಹೊಸ ಬೋರ್ಡ್ ಬೇಕೆಂದು ಕೇಳಿದ್ದೇವೆ. ಹಗಲು ಬೆಳಕಿನಲ್ಲಿ ತೆಗೆದ ಫೋಟೋಗಳಿವೆ, ಬೆರಳು ಪೂರ್ತಿ ಮಡಚಿದ್ದು, ಪೂರ್ತಿ ಚಾಚಿದ್ದು. ಸರ್ಕಾರಿ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಬರೆದುಕೊಟ್ಟ ಅಳತೆಗಳಿವೆ, ಹೆಂಡತಿಯ ಸಹಿ ಇರುವ ಹೇಳಿಕೆಯೂ ಇದೆ. ಓದಿ ಹೇಳಿದಾಗ ಹವಾಲ್ದಾರರು, “ಗುಂಡಿಯ ವಿಷಯ ತೆಗೆದುಬಿಡಿ ಅಕ್ಕ” ಎಂದರು. “ಅದೇ ಮೊದಲು ಇರಲಿ” ಎಂದರು ಹೆಂಡತಿ. ನಾನು ಹೆಂಡತಿಯ ಮಾತು ನಡೆಸಿದೆ.

ಮೇಲ್ಮನವಿ ಅಂಚೆಯಲ್ಲಿ ಹೋಗಿದೆ. ಇಲ್ಲ ಎಂದರೆ ಎರಡನೇ ಮೇಲ್ಮನವಿ. ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬೈ ಪೀಠ. ಇದನ್ನು ವಿವರಿಸುತ್ತಿದ್ದಾಗ ಹವಾಲ್ದಾರರು ಅಷ್ಟು ದೂರ ಬೇಡ ಎಂಬಂತೆ ತಲೆಯಾಡಿಸಿದರು. ಆಕೆ ಮಾತ್ರ ಮುಂಬೈಗೆ ಹೋಗುವ ಡೆಕ್ಕನ್ ಕ್ವೀನ್ ರೈಲು ಪುಣೆಯಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ವಿಚಾರಿಸಿದರು.