ಮದುವೆಯ ವರ್ಷಗಳನ್ನು ಎಣಿಸುವ ಕಾನೂನು

ಅಮೆರಿಕದ ಮಾಜಿ ಸೈನಿಕರಿಗೆ ಯಾವ ಸೌಲಭ್ಯ ಸಲ್ಲಬೇಕೆಂಬುದನ್ನು ಹೇಳುವ ಅಲ್ಲಿನ ಕಾನೂನು ಸಂಹಿತೆಯ 38ನೆಯ ಭಾಗವನ್ನು ಓದುತ್ತಿದ್ದಾಗ, ಆರಂಭದ ವ್ಯಾಖ್ಯೆಗಳಲ್ಲೇ ನಾನು ತಡೆದು ನಿಂತೆ. ಸಂಗಾತಿ ಎಂದರೆ ವಿರುದ್ಧ ಲಿಂಗದ ವ್ಯಕ್ತಿ ಎಂದು ಅಲ್ಲಿ ಬರೆದಿತ್ತು. ಸಲಿಂಗಿಗಳ ಮದುವೆಗೆ ಒಕ್ಕೂಟ ಸರ್ಕಾರದ ಮಾನ್ಯತೆ ನಿರಾಕರಿಸಿದ 1996ರ ವಿವಾಹ ಸಂರಕ್ಷಣಾ ಕಾಯ್ದೆಯ ಬಗ್ಗೆ ಹಲವರಿಗೆ ಗೊತ್ತು. ಆದರೆ ಮಾಜಿ ಸೈನಿಕರ ಮನೆಬಾಗಿಲಿಗೆ ಹೀಗೆ ಎರಡನೆಯ ಬೀಗವೂ ಬಿದ್ದಿತ್ತು. ಅಂಗವೈಕಲ್ಯ ಪರಿಹಾರದಲ್ಲಿ ಸಂಗಾತಿಗೆಂದು ಕೊಡುವ ಹೆಚ್ಚುವರಿ ಮೊತ್ತ, ಸೈನಿಕರು ತೀರಿಕೊಂಡ ಮೇಲೆ ಬರುವ ಮಾಸಿಕ ಪರಿಹಾರ, ರಾಷ್ಟ್ರೀಯ ಸ್ಮಶಾನದಲ್ಲಿ ಪಕ್ಕದ ಜಾಗ, ಎಲ್ಲವೂ ಆ ಎರಡು ಪದಗಳ ಮೇಲೆ ನಿಂತಿದ್ದವು.

ಇರಾಕ್ ಮತ್ತು ಅಫ್ಘಾನಿಸ್ತಾನದ ಕಾರ್ಯಾಚರಣೆಗಳಲ್ಲಿ ಭೂಸೇನೆಯ ಪರವಾಗಿ ದುಡಿದು ಬಂದ ಟ್ರೇಸಿ ಕೂಪರ್-ಹ್ಯಾರಿಸ್ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಇದೆಯೆಂದು ಗೊತ್ತಾಯಿತು. ಆ ಕಾಯಿಲೆಗೆ ಸೇವೆಯೊಂದಿಗೆ ಸಂಬಂಧವಿದೆ ಎಂಬುದನ್ನು ಮಾಜಿ ಸೈನಿಕರ ಇಲಾಖೆ ಒಪ್ಪಿತು. ಆದರೆ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ಕಾನೂನುಬದ್ಧವಾಗಿ ಮದುವೆಯಾಗಿದ್ದ ಮ್ಯಾಗಿ ಅವರನ್ನು ಹೆಂಡತಿಯೆಂದು ಒಪ್ಪಲಿಲ್ಲ. 2013ರ ಜೂನ್ 26ರಂದು ಎಡಿತ್ ವಿಂಡ್ಸರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಕಾಯ್ದೆಯ ಮುಖ್ಯ ಕಲಮನ್ನು ರದ್ದುಪಡಿಸಿತು. ಎರಡೇ ತಿಂಗಳಲ್ಲಿ ಫೆಡರಲ್ ನ್ಯಾಯಾಧೀಶೆ ಕಾನ್ಸುವೆಲೊ ಮಾರ್ಷಲ್ ಅವರು 38ನೆಯ ಭಾಗದ ವ್ಯಾಖ್ಯೆಯೂ ಸಂವಿಧಾನಕ್ಕೆ ವಿರುದ್ಧವೆಂದು ಟ್ರೇಸಿಯವರ ಪರವಾಗಿ ತೀರ್ಪಿತ್ತರು. ಸೆಪ್ಟೆಂಬರ್ 4ರಂದು ಅಟಾರ್ನಿ ಜನರಲ್ ಎರಿಕ್ ಹೋಲ್ಡರ್, ಸರ್ಕಾರ ಇನ್ನು ಮುಂದೆ ಆ ವ್ಯಾಖ್ಯೆಯನ್ನು ಜಾರಿಗೊಳಿಸುವುದಿಲ್ಲವೆಂದು ಸಂಸತ್ತಿಗೆ ಪತ್ರ ಬರೆದರು.

ಅಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. ಮದುವೆಯ ಸಿಂಧುತ್ವವನ್ನು ದಂಪತಿ ವಾಸವಾಗಿದ್ದ ರಾಜ್ಯದ ಕಾನೂನಿನಿಂದ ಅಳೆಯಬೇಕೆಂಬ ಇನ್ನೊಂದು ಕಲಮು ಹಾಗೆಯೇ ಉಳಿದಿತ್ತು. ಹೀಗಾಗಿ ಬೇರೆ ರಾಜ್ಯಕ್ಕೆ ಹೋಗಿ ಮದುವೆಯಾಗಿ ಅಂಥ ಮದುವೆಯನ್ನು ಒಪ್ಪದ ಟೆಕ್ಸಾಸಿನಲ್ಲೇ ಬದುಕುತ್ತಿದ್ದವರನ್ನು ರಕ್ಷಣಾ ಇಲಾಖೆ ದಂಪತಿ ಎಂದರೂ, ಮಾಜಿ ಸೈನಿಕರ ಇಲಾಖೆ ಹಾಗೆ ಎನ್ನುವಂತಿರಲಿಲ್ಲ.

ಸ್ಮಶಾನಗಳ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. 2013ರ ಆರಂಭದಲ್ಲಿ, ವಿಂಡ್ಸರ್ ತೀರ್ಪಿಗೂ ಮೊದಲೇ, ವಾಯುಪಡೆಯ ನಿವೃತ್ತ ಲೆಫ್ಟಿನೆಂಟ್ ಕರ್ನಲ್ ಲಿಂಡಾ ಕ್ಯಾಂಪ್‌ಬೆಲ್ ಅವರ ಪತ್ನಿ ನ್ಯಾನ್ಸಿ ಲಿಂಚೈಲ್ಡ್ ಅವರ ಚಿತಾಭಸ್ಮಕ್ಕೆ ಒರೆಗಾನಿನ ವಿಲಾಮೆಟ್ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಸಿಕ್ಕಿತು. ಇಲಾಖೆಯ ಕಾರ್ಯದರ್ಶಿ ಎರಿಕ್ ಶಿನ್ಸೆಕಿ ವಿಶೇಷ ಅನುಮತಿ ಕೊಟ್ಟಿದ್ದರು. ಆದರೆ ಪಕ್ಕದ ಐಡಾಹೊದಲ್ಲಿ ನೌಕಾಪಡೆಯ ಮಾಜಿ ಸೈನಿಕರಾದ ಮ್ಯಾಡಲಿನ್ ಟೇಲರ್ ಅವರು, ತೀರಿಕೊಂಡ ಪತ್ನಿ ಜೀನ್ ಅವರ ಬೂದಿಯೊಂದಿಗೆ, ಮುಂದೆ ತಾವು ಸತ್ತಾಗ ತಮ್ಮದನ್ನೂ ಇರಿಸಬೇಕೆಂದು ಕೇಳಿದಾಗ, ರಾಜ್ಯದ ಸ್ಮಶಾನವು ಆ ಮದುವೆಯನ್ನೇ ಒಪ್ಪಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಹೆಂಡತಿಯ ಬೂದಿಯನ್ನು ಮನೆಯಲ್ಲಿಟ್ಟುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಐಡಾಹೊದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ದೊರೆತ ಬಳಿಕ, 2014ರ ಅಕ್ಟೋಬರಿನಲ್ಲಿ ಜೀನ್ ಅವರಿಗೆ ಆ ಜಾಗ ದಕ್ಕಿತು. ದೇಶ ಒಂದೇ, ಸೇನೆ ಒಂದೇ. ರಾಜ್ಯದ ಗಡಿ ದಾಟಿದರೆ ಹೆಂಡತಿ ಹೆಂಡತಿಯಾಗಿ ಉಳಿಯುತ್ತಿರಲಿಲ್ಲ.

ದೇಶದೆಲ್ಲೆಡೆ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟ ಸರ್ವೋಚ್ಚ ನ್ಯಾಯಾಲಯದ 2015ರ ಜೂನ್ 26ರ ಓಬರ್ಗೆಫೆಲ್ ತೀರ್ಪಿನಿಂದ ರಾಜ್ಯಗಳ ನಡುವಿನ ಈ ಭೇದ ಹೋಯಿತು. ಆದರೂ ಕಡಿಮೆ ಚರ್ಚೆಯಾದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದ ತೊಡಕು ಉಳಿದೇ ಇತ್ತು. ಸೈನಿಕರ ಮರಣಾನಂತರದ ಪರಿಹಾರ ಪಡೆಯಲು ಸಾಮಾನ್ಯವಾಗಿ ಕನಿಷ್ಠ 1 ವರ್ಷದ ದಾಂಪತ್ಯ ಬೇಕು. ಅದರ ಮೇಲಿನ ಒಂದು ಹೆಚ್ಚುವರಿ ಮೊತ್ತಕ್ಕೆ 8 ವರ್ಷಗಳ ದಾಂಪತ್ಯ ಬೇಕು. ಇಪ್ಪತ್ತು ವರ್ಷ ಜೊತೆಗಿದ್ದು, ಕಾನೂನು ಅನುಮತಿಸಿದ ಕೂಡಲೇ ಮದುವೆಯಾಗಿ, ಆರು ತಿಂಗಳಲ್ಲಿ ಸಂಗಾತಿಯನ್ನು ಕಳೆದುಕೊಂಡವರ ಲೆಕ್ಕದಲ್ಲಿ ಆ ಆರು ತಿಂಗಳಷ್ಟೇ ಇರುತ್ತಿತ್ತು. ಮದುವೆಯಾಗಲು ಬಿಡದ ಸರ್ಕಾರವೇ ಮದುವೆಯಾಗಿ ಎಷ್ಟು ವರ್ಷವಾಯಿತೆಂದು ಕೇಳುವುದು ನ್ಯಾಯವೆಂದು ನನಗೆ ಎಂದೂ ಅನ್ನಿಸಿಲ್ಲ.

2022ರ ಅಕ್ಟೋಬರಿನಲ್ಲಿ ಇಲಾಖೆ ಇದನ್ನು ತಿದ್ದಿತು. ಮದುವೆಯ ಹಕ್ಕಿಲ್ಲದ ಕಾಲದಲ್ಲಿ ಮದುವೆಗೆ ಸಮಾನವಾದ ಸಂಬಂಧ ಆರಂಭವಾದ ದಿನದಿಂದಲೇ ಈಗ ಎಣಿಕೆ ನಡೆಯುತ್ತದೆ. ಬಂಧುಮಿತ್ರರ ಮುಂದೆ ನಡೆಸಿದ ಬದ್ಧತೆಯ ಸಮಾರಂಭ, ಜಂಟಿ ಬ್ಯಾಂಕ್ ಖಾತೆ, ಇಬ್ಬರೂ ಸೇರಿ ಕೊಂಡ ಮನೆ, ಇವೆಲ್ಲ ಪುರಾವೆಯಾಗಬಹುದು. ಹಳೆಯ ಪಾಸ್‌ಬುಕ್ಕಿನಲ್ಲಿ ಅಕ್ಕಪಕ್ಕ ಅಚ್ಚಾದ ಎರಡು ಹೆಸರುಗಳಿಗೆ ಕಡೆಗೂ ಬೆಲೆ ಬಂತಲ್ಲ ಎಂದು ಓದಿದಾಗ ಕಣ್ಣು ತುಂಬಿತು. ಆದರೆ ಈ ನಿಯಮದಡಿ ಹಣ ಸಿಗುವುದು 2022ರ ಅಕ್ಟೋಬರ್ 11ರಿಂದ ಈಚೆಗೆ ಮಾತ್ರ. ಅದಕ್ಕೂ ಎಷ್ಟೋ ಮುಂಚೆ ಸಂಗಾತಿಯನ್ನು ಕಳೆದುಕೊಂಡು, ಅರ್ಜಿ ತಿರಸ್ಕೃತವಾಗಿ, ಒಂಟಿಯಾಗಿ ಬಾಡಿಗೆ ಕಟ್ಟುತ್ತ ಬಂದವರಿಗೆ ಆ ವರ್ಷಗಳ ಬಾಕಿ ಇನ್ನೂ ಸಂದಿಲ್ಲ.