ಜಿಮ್ ರೀವ್ಸ್ ಕವರಿನೊಳಗೆ ಏನಿದೆ? ಜಾಝ್ ಪ್ಲೇಟು ಹುಡುಕಾಟದ ಡೈರಿ

ಜನವರಿ

ಈ ವರ್ಷ ಐದು ಜಾಝ್ ಪ್ಲೇಟು, ಅಂದರೆ ಗ್ರಾಮಫೋನ್ ರೆಕಾರ್ಡು, ಹುಡುಕಬೇಕು. ಆನ್‌ಲೈನಿನಲ್ಲಿ ಕೊಳ್ಳುವಂತಿಲ್ಲ. ಕೈಯಲ್ಲಿ ಹಿಡಿದು, ಕವರಿನಿಂದ ತೆಗೆದು, ಬೆಳಕಿಗೆ ಓರೆ ಮಾಡಿ ಗೀರು ನೋಡಿ, ಆಮೇಲೇ ದುಡ್ಡು. ನಿಯಮ ನಾನೇ ಮಾಡಿಕೊಂಡಿದ್ದು. ಮುರಿದರೆ ಕೇಳುವವರಿಲ್ಲ. ಹೆಂಡತಿ ಕೇಳುತ್ತಾಳೆ, ಆದರೆ ಅವಳ ಪ್ರಶ್ನೆ ಒಂದೇ: "ಇಡೋಕೆ ಜಾಗ ಎಲ್ಲಿದೆ?"

ಪಟ್ಟಿಯಲ್ಲಿ ಮೊದಲನೆಯದು ಡೇವ್ ಬ್ರೂಬೆಕ್ ಅವರ 1959ರ 'ಟೈಮ್ ಔಟ್'. ಎರಡನೆಯದು ಚಾರ್ಲ್ಸ್ ಮಿಂಗಸ್ 1963ರಲ್ಲಿ ಮಾಡಿದ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'. ಹಿಂದಿ ಸಿನಿಮಾ ಸಂಗೀತದ ಜೋಡಿ ಶಂಕರ್ ಜೈಕಿಶನ್ ಮತ್ತು ಸಿತಾರಿನ ರಯೀಸ್ ಖಾನ್ ಸೇರಿ 1968ರಲ್ಲಿ ತಂದ 'ರಾಗ ಜಾಝ್ ಸ್ಟೈಲ್' ಮೂರನೆಯದು. ನಾಲ್ಕನೆಯದು ಆಲಿಸ್ ಕೋಲ್ಟ್ರೇನ್ ಅವರ 'ಜರ್ನಿ ಇನ್ ಸಚ್ಚಿದಾನಂದ', 1971. ಐದನೆಯದೇ ನಿಜವಾದ ಬೇಟೆ: 'ಜ್ಯೋತಿ'.

'ಜ್ಯೋತಿ' ನಮ್ಮೂರಿನವರ ಪ್ಲೇಟು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಜರ್ಮನಿಗೆ ಹೋಗಿ, 1983ರ ಫೆಬ್ರವರಿಯಲ್ಲಿ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಸ್ಟುಡಿಯೋದಲ್ಲಿ, ಅಮೆರಿಕದ ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಕೂತು ಮಾಡಿದ್ದು. ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಹೊರತಂದಿದ್ದು ಮ್ಯೂನಿಕ್ಕಿನ ಇಸಿಎಂ ಕಂಪನಿ. ಪ್ಲೇಟಿನ ನಂಬರು 1256, ನನಗೆ ನನ್ನ ಬೈಕಿನ ನಂಬರಿಗಿಂತ ಚೆನ್ನಾಗಿ ನೆನಪಿದೆ. ಇಷ್ಟು ವರ್ಷದಲ್ಲಿ ಬೆಂಗಳೂರಿನಲ್ಲಿ ಇದರ ಒಂದೇ ಒಂದು ಪ್ರತಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮರಿಯಾನೊ ಹೆಸರು ಗೊತ್ತಾಗಿದ್ದು ಬ್ರಿಗೇಡ್ ರಸ್ತೆಯ ಮ್ಯೂಸಿಕ್ ವರ್ಲ್ಡ್‌ನಲ್ಲಿ. ಆಗ ನಾನು ಕಾಲೇಜು. ಕೊಳ್ಳಲು ದುಡ್ಡಿಲ್ಲ, ಸುಮ್ನೆ ಎಸಿಯಲ್ಲಿ ನಿಲ್ಲಲು ಹೋಗುತ್ತಿದ್ದೆ. ಕೌಂಟರಿನ ಹುಡುಗ ಒಂದು ದಿನ ಹೆಡ್‌ಫೋನ್ ಕೊಟ್ಟು, "ಇದು ಕೇಳಿ, ಬೈಕೊಳ್ಳಬೇಡಿ" ಅಂದ. ಮಿಂಗಸ್‌ದು. ನಡುವೆ ಆಲ್ಟೊ ಸ್ಯಾಕ್ಸ್ ಒಂದು ಅಳು ತೆಗೆಯುತ್ತದೆ, ಹೊಟ್ಟೆಯೊಳಗಿನಿಂದ. ಯಾರಪ್ಪಾ ಇದು ಎಂದು ಕವರು ತಿರುಗಿಸಿ ನೋಡಿದರೆ ಚಾರ್ಲಿ ಮರಿಯಾನೊ. ಆ ಸರಣಿಯ ಅಂಗಡಿಗಳೆಲ್ಲ 2013ರ ಹೊತ್ತಿಗೆ ಮುಚ್ಚಿದವು. ಫೋನಿನಲ್ಲಿ ಈಗ ಎಲ್ಲ ಸಿಗುತ್ತದೆ, ನಿಜ. ನಾನು ಕೇಳಿದ್ದಕ್ಕೆ ಹೋಲುವಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಆ ಹುಡುಗ ನನಗೆ ಇಷ್ಟವಾಗುತ್ತೋ ಇಲ್ಲವೋ ಎಂದು ಗೊತ್ತಿಲ್ಲದೇ ಕೊಟ್ಟಿದ್ದ.

ಫೆಬ್ರವರಿ

ಮೂರು ಭಾನುವಾರ ಸಂಡೇ ಬಜಾರ್. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಬೆಳಗ್ಗೆ ಆರೂವರೆಗೆ ಹೋದರೆ ಮಾತ್ರ ಪ್ರಯೋಜನ. ಎಂಟಕ್ಕೆ ಹೋದರೆ ಉಳಿಯುವುದು ಚಾರ್ಜರು ಮತ್ತು ಒಂಟಿ ಶೂ.

ಫುಟ್‌ಪಾತಿನ ಪ್ಲೇಟುಗಳ ಗುಡ್ಡೆಯಲ್ಲಿ ಹಿಂದಿ, ಕನ್ನಡ, 'ಇಂಗ್ಲಿಷ್' ಎಂದು ಮೂರೇ ವಿಭಾಗ. ಜಾಝ್ ಇದ್ದರೆ ಇಂಗ್ಲಿಷಿನಲ್ಲಿ. ಆ ಇಂಗ್ಲಿಷ್ ಗುಡ್ಡೆಯಲ್ಲಿ ಏನಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ: ಅಮೆರಿಕದ ಹಾಡುಗಾರ ಜಿಮ್ ರೀವ್ಸ್, ಅಬ್ಬಾ, ಬೋನಿ ಎಂ, ಜೇಮ್ಸ್ ಲಾಸ್ಟ್, ಮತ್ತೆ ಜಿಮ್ ರೀವ್ಸ್. ಹಿಂದಿನ ತಲೆಮಾರಿನ ಅಷ್ಟೂ ಮನೆಗಳಲ್ಲಿ ಜಿಮ್ ರೀವ್ಸ್ ಬಾಡಿಗೆಗೆ ಇದ್ದ ಹಾಗಿದೆ.

ಮೂರನೇ ಭಾನುವಾರ 'ಟೈಮ್ ಔಟ್' ಕವರು ಕಂಡಿತು. ಎದೆ ಧಸಕ್ ಎಂದಿತು. ಪಕ್ಕದಲ್ಲಿ ಕನ್ನಡಕದ ಇನ್ನೊಬ್ಬರು ಅದೇ ಗುಡ್ಡೆಗೆ ಕೈ ಹಾಕಿದ್ದರು. ಆ ಗಾಬರಿಯಲ್ಲಿ ಚೌಕಾಸಿಯನ್ನೂ ಮಾಡದೆ 400 ರೂಪಾಯಿ ಕೊಟ್ಟು ಬಗಲಿಗೆ ಸೇರಿಸಿದೆ. ಕವರಿನಿಂದ ತೆಗೆದು ನೋಡಬೇಕೆಂಬ ನನ್ನದೇ ನಿಯಮ ಅಲ್ಲೇ ಮರೆತೆ.

ಮನೆಗೆ ಬಂದು ತೆಗೆದರೆ ಒಳಗಿದ್ದದ್ದು ಜಿಮ್ ರೀವ್ಸ್. ಅದೂ ಕ್ರಿಸ್‌ಮಸ್ ಹಾಡುಗಳು. ಫೆಬ್ರವರಿಯಲ್ಲಿ.

ಬೇಜಾರಿಗಿಂತ ಜಾಸ್ತಿ ಕಾಡಿದ್ದು ಒಂದು ಲೆಕ್ಕ. ಯಾರದೋ ಮನೆಯಲ್ಲಿ, ಪಾರ್ಟಿ ಮುಗಿದ ರಾತ್ರಿ, ಯಾರೋ ಎರಡು ಪ್ಲೇಟುಗಳನ್ನು ಅದಲು ಬದಲು ಇಟ್ಟಿದ್ದಾರೆ. ಹಾಗಾದರೆ ಬ್ರೂಬೆಕ್ ಎಲ್ಲೋ ಒಂದು ಜಿಮ್ ರೀವ್ಸ್ ಕ್ರಿಸ್‌ಮಸ್ ಕವರಿನೊಳಗೆ ಇದ್ದಾನೆ ಅಲ್ವಾ? ಎರಡೂ ಒಂದೇ ಮನೆಯಿಂದ ಗುಜರಿಗೆ ಬಿದ್ದಿದ್ದರೆ ಇದೇ ಬೀದಿಯಲ್ಲಿರಬೇಕು. ಅಂದಿನಿಂದ ಜಿಮ್ ರೀವ್ಸ್ ಕಂಡಲ್ಲೆಲ್ಲ ಕವರಿಗೆ ಕೈ ಹಾಕಿ ನೋಡುತ್ತಿದ್ದೇನೆ.

ಆ ಪ್ಲೇಟಿನ ಮೇಲೆ ಇಷ್ಟು ಆಸೆ ಯಾಕೆಂದರೆ ಅದರಲ್ಲಿರುವ 'ಟೇಕ್ ಫೈವ್'. ಐದರ ತಾಳ. ವೀಣೆ ಕಲಿತ ನನ್ನ ಚಿಕ್ಕಮ್ಮನಿಗೆ ಫೋನಿನಲ್ಲಿ ಕೇಳಿಸಿದ್ದೆ. ತೊಡೆಯ ಮೇಲೆ ತಾಳ ಹಾಕಿ, "ಖಂಡ ಚಾಪು ಕಣೋ, ಆದ್ರೆ ತಿರುಗಾ ಮುರುಗಾ" ಅಂದರು. ಸರಿಯಾಗಿಯೇ ಹಿಡಿದಿದ್ದರು. ನಮ್ಮದು ತಕ-ತಕಿಟ, ಎರಡಾದ ಮೇಲೆ ಮೂರು. ಅವರದು ತಕಿಟ-ತಕ.

ಮಾರ್ಚ್

ಹುಡುಕಾಟ ನಿಂತಿದೆ. ಟರ್ನ್‌ಟೇಬಲ್ ಕೈಕೊಟ್ಟಿತು. ಹಾಡು ಶುರುವಿನಲ್ಲಿ ಸರಿ, ಐದು ನಿಮಿಷದಲ್ಲಿ ಶ್ರುತಿ ಇಳಿದು ಎಲ್ಲರೂ ನಿದ್ದೆಗಣ್ಣಿನಲ್ಲಿ ನುಡಿಸಿದ ಹಾಗೆ. ರಬ್ಬರ್ ಬೆಲ್ಟು ಸಡಿಲವಾಗಿದೆ. ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದೆ. ಮೂರರಲ್ಲಿ ನಕ್ಕರು. ನಾಲ್ಕನೆಯದರಲ್ಲಿ ಹಿರಿಯರೊಬ್ಬರು ಹಳೇ ಬೆಲ್ಟನ್ನು ದಾರದಿಂದ ಅಳೆದು, ಡಬ್ಬಿ ತಡಕಿ, 80 ರೂಪಾಯಿಗೆ ಒಂದು ಕೊಟ್ಟರು. "ಆಗಲ್ಲ ಅಂದ್ರೆ ವಾಪಸ್ ತನ್ನಿ ಸಾರ್." ಆಯಿತು.

ವೇಗ ಸರಿ ಇದೆಯೇ ಎಂದು ನೋಡಲು ಪ್ಲೇಟಿನ ಮೇಲೆ ಇಡುವ ಒಂದು ಕಾಗದದ ಚಕ್ರ ಸಾಕು. ಅದರ ಸುತ್ತ 180 ಗೆರೆ ಇರಬೇಕು. ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ಲೇಟು ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ಸರಿಯಾಗಿ ತಿರುಗಿದರೆ, ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಒಂದು ಗೆರೆಯಷ್ಟು ಮುಂದೆ ಹೋಗಿರುತ್ತದೆ. ಹಾಗಾಗಿ ಗೆರೆಗಳು ನಿಂತ ಹಾಗೆ ಕಾಣುತ್ತವೆ. ನಿಧಾನವಾದರೆ ಹಿಂದಕ್ಕೆ ತೇಲುತ್ತವೆ. ತೊಂದರೆ ಏನೆಂದರೆ ಮನೆಯಿಡೀ ಎಲ್‌ಇಡಿ. ಹಳೇ ಚೋಕಿನ ಟ್ಯೂಬು ಉಳಿದಿರುವುದು ಅಡುಗೆಮನೆಯಲ್ಲಿ ಮಾತ್ರ. ರಾತ್ರಿ ಹತ್ತಕ್ಕೆ ಟರ್ನ್‌ಟೇಬಲ್ ಎತ್ತಿಕೊಂಡು ಹೋಗಿ ಮಿಕ್ಸಿ ಪಕ್ಕ ಇಟ್ಟು ಹೊಂದಿಸಿದೆ. ಹೆಂಡತಿ ದೋಸೆ ಹಿಟ್ಟಿನ ಪಾತ್ರೆ ಪಕ್ಕಕ್ಕೆ ಸರಿಸಿಕೊಂಡು ಏನೂ ಅನ್ನದೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಪ್ಲೇಟು ತೊಳೆಯುವುದಕ್ಕೆ ಪೆಟ್ರೋಲ್ ಬಂಕಿನ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್), ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ಪ್ಲೇಟಿನ ಗೆರೆ ಹೋದ ದಿಕ್ಕಿನಲ್ಲೇ ಒರೆಸಬೇಕು. ಬೂಷ್ಟು ಜಾಸ್ತಿ ಇದ್ದರೆ ಸ್ವಲ್ಪ ಸ್ಪಿರಿಟ್. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬಾರದು. ಅದು ಅರಗು, ಕರಗುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡಿ.

ಏಪ್ರಿಲ್

ಆಫೀಸ್ ಕೆಲಸಕ್ಕೆ ಮುಂಬೈ, ಎರಡು ದಿನ. ಕಾಲಾ ಘೋಡಾದ ರಿದಮ್ ಹೌಸ್ ಮುಂದೆ ಸುಮ್ನೆ ಹೋಗಿ ನಿಂತೆ. 1948ರಿಂದ ಇದ್ದ ಅಂಗಡಿ, 2016ರ ಫೆಬ್ರವರಿ ಕೊನೆಗೆ ಮುಚ್ಚಿತು. ಕಟ್ಟಡ ಆಮೇಲೆ ವಜ್ರದ ವ್ಯಾಪಾರಿಯೊಬ್ಬನ ಕಂಪನಿ ಪಾಲಾಗಿ, ಮುಟ್ಟುಗೋಲು ಬಿತ್ತು. ಹಿಂದೊಮ್ಮೆ ಅಲ್ಲಿ ಒಂದು ಸಿಡಿ ಕೇಳಲು ಸಾಲಿನಲ್ಲಿ ನಿಂತಿದ್ದೆ. ಹಾಡು ಕೇಳಲು ಸಾಲು! ನನ್ನ ಮಗಳಿಗೆ ಹೇಳಿದರೆ ನಂಬುವುದಿಲ್ಲ.

ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ ಒಂದು ಗಂಟೆ ಕೂತೆ. ಸಂಜೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಮುಂಬೈಯವರಿಗೆ ಬೆಲೆ ಗೊತ್ತು, ಅದೇ ಕಷ್ಟ. ಬೆಂಗಳೂರಿನಲ್ಲಿ ಮಾರುವವನಿಗೂ ಗೊತ್ತಿಲ್ಲದ್ದು ನಮ್ಮ ಅದೃಷ್ಟ. ಮಟನ್ ಸ್ಟ್ರೀಟಿನಲ್ಲಿ 'ರಾಗ ಜಾಝ್ ಸ್ಟೈಲ್' ಸಿಕ್ಕಿತು. ಈ ಸಲ ಮರೆಯದೆ ಕವರಿನಿಂದ ತೆಗೆದೆ. ಎರಡನೇ ಬದಿಯಲ್ಲಿ ಉಗುರಿಗೆ ತಾಗುವಷ್ಟು ಆಳದ ಒಂದು ಗೀರು. ಉಗುರಿಗೆ ತಾಗಿದರೆ ಮುಳ್ಳಿಗೂ ತಾಗುತ್ತದೆ. ಬಿಡಬೇಕಿತ್ತು. ಮೂರು ಸಾವಿರ ಕೊಟ್ಟೆ.

ಪಶ್ಚಾತ್ತಾಪ ಇಲ್ಲ. ಹನ್ನೊಂದು ರಾಗ, ಒಂದೊಂದೂ ಪುಟ್ಟದು. ಮನೋಹಾರಿ ಸಿಂಗ್ ಸ್ಯಾಕ್ಸಫೋನ್, ಜಾನ್ ಪೆರೇರಾ ಟ್ರಂಪೆಟ್, ಲೆಸ್ಲೀ ಗೊಡಿನ್ಹೊ ಡ್ರಮ್ಸ್. ಸಿನಿಮಾ ಸ್ಟುಡಿಯೋಗಳಲ್ಲಿ ಹಗಲೆಲ್ಲ ಬೇರೆಯವರ ಹಾಡಿನ ಹಿಂದೆ ಕೂತು ನುಡಿಸುತ್ತಿದ್ದವರು. ಇಲ್ಲಿ ಅವರು ಮುಂದೆ ಬಂದಿದ್ದಾರೆ. ಗೀರು ಬಿದ್ದ ಕಡೆ ಟಕ್ ಟಕ್ ಎನ್ನುತ್ತದೆ. ಈಗ ಅದಿಲ್ಲದೆ ಆ ರಾಗ ಕೇಳಿದರೆ ಏನೋ ಬಿಟ್ಟುಹೋದ ಹಾಗಾಗುತ್ತದೆ.

ಮೇ, ಜೂನ್

ಮೇನಲ್ಲಿ ಹುಟ್ಟುಹಬ್ಬ. ನಗರದ ಹೊಸ ಪ್ಲೇಟು ಅಂಗಡಿಯೊಂದರಲ್ಲಿ ಮಿಂಗಸ್ ಸಿಕ್ಕಿತು. ಹೊಸದಾಗಿ ಒತ್ತಿದ ಮರುಮುದ್ರಣ, ಇಂಪಲ್ಸ್ ಕಂಪನಿಯ ಅದೇ ಕಿತ್ತಳೆ ಬೆನ್ನು. ಸೀಲು ಒಡೆಯಲು ಬಿಡುವುದಿಲ್ಲ, ಹಾಗಾಗಿ ನಿಯಮದ ಪ್ರಕಾರ ಫೇಲು. ಆದರೂ ಕೊಂಡೆ. ಸದ್ದು ಕನ್ನಡಿಯ ಹಾಗಿದೆ. ಗೀರಿಲ್ಲ, ವಾಸನೆಯಿಲ್ಲ, ಕವರಿನ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ ಯಾರ ಹೆಸರೂ ಇಲ್ಲ. ಪಟ್ಟಿಯಲ್ಲಿ ಟಿಕ್ ಹಾಕುವಾಗ ಪೆನ್ಸಿಲ್ ಬಳಸಿದೆ.

ಜೂನಿನಲ್ಲಿ ಮಳೆ. ಸಂಡೇ ಬಜಾರಿಗೆ ಎರಡು ಸಲ ಹೋಗಿ ಟಾರ್ಪಾಲು ನೋಡಿ ಬಂದೆ. ಒಂದು ಸಲ 'ಜೇಡರ ಬಲೆ'ಯ ಪುಟ್ಟ 45ರ ಪ್ಲೇಟು ಸಿಕ್ಕಿತು, 100 ರೂಪಾಯಿ. ಪಟ್ಟಿಯಲ್ಲಿ ಇಲ್ಲದ್ದು. ಆದರೆ ಜಿ.ಕೆ. ವೆಂಕಟೇಶ್ ಸಂಗೀತ, ಸಿಐಡಿ 999 ರಾಜ್‌ಕುಮಾರ್. ಆ ಟ್ರಂಪೆಟ್ಟುಗಳಿಗಾಗಿ ಜಾಝ್ ಕಪಾಟಿನಲ್ಲೇ ಇಟ್ಟಿದ್ದೇನೆ. ಯಾರಾದರೂ ತಕರಾರು ಮಾಡುವವರಿದ್ದರೆ ಮನೆಗೆ ಬನ್ನಿ, ಕೇಳಿಸುತ್ತೇನೆ.

ಆಲಿಸ್ ಕೋಲ್ಟ್ರೇನ್ ಸುಳಿವೇ ಇಲ್ಲ.

ಜುಲೈ

ಚಿಕ್ಕಮ್ಮನ ಮಗ ಸ್ಟುಟ್‌ಗಾರ್ಟಿನಲ್ಲಿ ಇಂಜಿನಿಯರ್. ಲುಡ್ವಿಗ್ಸ್‌ಬುರ್ಗ್ ಎಲ್ಲಿದೆ ಎಂದು ಮ್ಯಾಪಿನಲ್ಲಿ ನೋಡಿದರೆ ಅವನ ಪಕ್ಕದ ಊರು! ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಫೋನ್ ಮಾಡಿದೆ. ಅವನಿಗೆ ಜಾಝ್ ಎಂದರೆ ಲಿಫ್ಟಿನಲ್ಲಿ ಬರುವ ಸಂಗೀತ. "ಅಣ್ಣ, ಆ ಪ್ಲೇಟಿಗೋಸ್ಕರ ಶನಿವಾರ ಬೆಳಗ್ಗೆ ಏಳಬೇಕಾ?" ಎಂದು ಗೊಣಗಿದ. ಚಿಕ್ಕಮ್ಮನ ಕೈಯಲ್ಲಿ ಹೇಳಿಸಿದೆ. ಎದ್ದ.

ಮೂರನೇ ಶನಿವಾರ ಕಾರ್ಲ್ಸ್‌ಪ್ಲಾಟ್ಜ್‌ನ ಹಳೇ ಸಾಮಾನಿನ ಸಂತೆಯಿಂದ ವಿಡಿಯೊ ಕಾಲ್. ಕೈಯಲ್ಲಿ 'ಜ್ಯೋತಿ'. ನಾನು ಕೂತಲ್ಲೇ ಎದ್ದು ನಿಂತೆ. "ಕವರಿನಿಂದ ತೆಗಿ. ಅಂಚು ಹಿಡ್ಕೋ, ಮಧ್ಯ ಮುಟ್ಟಬೇಡ. ಬಿಸಿಲಿಗೆ ಓರೆ ಮಾಡು. ಇನ್ನೂ ಓರೆ." ಮಾರುವ ಅಜ್ಜ ಈ ತಪಾಸಣೆಯನ್ನು ನೋಡಿ ನಗುತ್ತಿದ್ದುದು ಫೋನಿನಲ್ಲಿ ಕಾಣುತ್ತಿತ್ತು. ಹನ್ನೆರಡು ಯೂರೊ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು ಎಂಬ ನಿಯಮ ಉಳಿಯಿತು. ಕೈ ಮಾತ್ರ ತಮ್ಮನದು.

ಆಗಸ್ಟ್

ತಮ್ಮ ರಜೆಗೆ ಬಂದ. ಸೂಟ್‌ಕೇಸಿನಲ್ಲಿ ಎರಡು ಸ್ವೆಟರ್ ನಡುವೆ ಪ್ಲೇಟು, ಒಂಚೂರೂ ಬಾಗಿಲ್ಲ.

ಮೊದಲ ಸಲ ಹಾಕುವಾಗ ಚಿಕ್ಕಮ್ಮನನ್ನೂ ಕರೆದಿದ್ದೆ. ಶುರುವಾಗುವುದೇ ರಮಾಮಣಿ ಅವರ ಒಂಟಿ ಕಂಠದಿಂದ. ಜಯನಗರದ ಯಾವುದೋ ಮನೆಯ ಕಿಟಕಿಯಿಂದ ಬೆಳಗ್ಗೆ ಕೇಳಿಸುವ ಹಾಗೆ. ಸ್ಯಾಕ್ಸಫೋನ್ ಬರುವುದು ಆಮೇಲೆ, ಮನೆಗೆ ಬಂದ ನೆಂಟನ ಹಾಗೆ ಸಂಕೋಚದಿಂದ. ಸ್ವಲ್ಪ ಹೊತ್ತಿಗೆ ಸಂಕೋಚ ಹೋಗುತ್ತದೆ. ಕೊನ್ನಕ್ಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ಶುರುವಾದಾಗ ಚಿಕ್ಕಮ್ಮ ತಾಳ ಹಾಕತೊಡಗಿದರು. ತಪ್ಪಿತು, ಮತ್ತೆ ಹಿಡಿದರು.

"ಈ ಬಿಳಿಯಪ್ಪ ಎಲ್ಲಿ ಕಲಿತನಂತೆ?"

"ದಕ್ಷಿಣಕ್ಕೆ ಬಂದು ನಾಗಸ್ವರ ಕಲಿತಿದ್ದರಂತೆ ಚಿಕ್ಕಮ್ಮ."

"ಅದಕ್ಕೇ ಮತ್ತೆ. ಅದನ್ನೂ ನಾಗಸ್ವರದ ಹಾಗೇ ಊದ್ತಿದ್ದಾನೆ."

ಮಿಂಗಸ್ ಪ್ಲೇಟಿನ ಆ ಅಳುವನ್ನೂ ಆಮೇಲೆ ಕೇಳಿಸಿದೆ. ಅದೇ ಮನುಷ್ಯ, ಇಪ್ಪತ್ತು ವರ್ಷ ಮುಂಚೆ. ಎರಡನ್ನೂ ಒಟ್ಟಿಗೆ ಕೇಳಿದ್ದು ಅವತ್ತೇ ಮೊದಲು. ಚಿಕ್ಕಮ್ಮನಿಗೆ ಮಿಂಗಸ್ ಇಷ್ಟವಾಗಲಿಲ್ಲ. "ಎಲ್ಲರೂ ಒಟ್ಟಿಗೆ ಜಗಳ ಆಡ್ತಾರೆ" ಎಂದು ಕಾಫಿಗೆ ಎದ್ದರು.

ಸೆಪ್ಟೆಂಬರ್

ಲೆಕ್ಕ: ಮೂರು ಸಿಕ್ಕಿವೆ, ಅದರಲ್ಲಿ ಒಂದಕ್ಕೆ ಪೆನ್ಸಿಲ್ ಟಿಕ್. ಬ್ರೂಬೆಕ್ ಮತ್ತು ಆಲಿಸ್ ಬಾಕಿ. ಬ್ರೂಬೆಕ್ ಕವರು ಮಾತ್ರ ಕಪಾಟಿನಲ್ಲಿದೆ, ಒಳಗೆ ಜಿಮ್ ರೀವ್ಸ್ ಮಲಗಿದ್ದಾನೆ.

ಮಳೆ ಬಿಟ್ಟ ಮೊದಲ ಭಾನುವಾರ ಬಜಾರಿಗೆ ಹೋದೆ. ಯಾವಾಗಲೂ ಕೂರುವ ಭಾಯ್ ದೂರದಿಂದಲೇ ಕೈ ಬೀಸಿದರು. ಪಕ್ಕಕ್ಕೆ ಗೋಣಿಚೀಲದಲ್ಲಿ ಒಂದು ಕಟ್ಟು ತೆಗೆದಿಟ್ಟಿದ್ದರು.

"ಬನ್ನಿ ಸಾರ್. ಎರಡು ತಿಂಗಳಿಂದ ಯಾರಿಗೂ ಕೊಟ್ಟಿಲ್ಲ, ನಿಮಗೇ ಅಂತ ಇಟ್ಟಿದ್ದೀನಿ."

ಬಿಚ್ಚಿದೆ. ಹನ್ನೊಂದು ಜಿಮ್ ರೀವ್ಸ್.

"ನೀವು ಬಂದಾಗೆಲ್ಲ ಅವನದ್ದೇ ತೆಗೆದು ತೆಗೆದು ನೋಡ್ತೀರಲ್ಲ ಸಾರ್. ಇಷ್ಟು ಪ್ರೀತಿ ಇರೋರನ್ನ ನಾನು ನೋಡೇ ಇಲ್ಲ."

ಏನು ಹೇಳಲಿ? ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಕವರಿನಿಂದ ತೆಗೆದೆ. ಅದರಲ್ಲಿ ಕ್ರಿಸ್‌ಮಸ್ ಕವರು ನಾಲ್ಕಿದ್ದವು. ನಾಲ್ಕನ್ನೂ ಕೊನೆಗೆ ಇಟ್ಟುಕೊಂಡೆ. ಹನ್ನೊಂದರಲ್ಲೂ ಜಿಮ್ ರೀವ್ಸೇ ಇದ್ದ. ಭಾಯ್ ಮುಖ ನೋಡಿ ಎರಡು ಕೊಂಡೆ. ಚೌಕಾಸಿ ಮಾಡಲಿಲ್ಲ.